ದೆವ್ವದ ಹೇಳಿಕೆ ಬರೆದುಕೊಂಡ ಪೊಲೀಸ

ಜನವರಿಯ ಕೊರೆಯುವ ಚಳಿ, ನಡುರಾತ್ರಿ ದಾಟಿದ ಹೊತ್ತು. ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ, ಸೇಂಟ್ ಪಾಲ್ಸ್ ಚರ್ಚಿನ ಕಂಬಗಳ ಮುಂದೆ, ರುಂಡ ಬೇರೆ ಮುಂಡ ಬೇರೆಯಾದ ಹೆಣ ಸಿಕ್ಕಿದೆ. ಜಾಗ ಕಾಯಲು ಇಬ್ಬರು ಹೊಸ ಕಾನ್‌ಸ್ಟೇಬಲ್‌ಗಳು. ಒಬ್ಬಳು ಕಾಫಿ ತರಲು ಹೋಗುತ್ತಾಳೆ. ಉಳಿದವನ ಹತ್ತಿರ ಹಳೇಕಾಲದ ಉಡುಪಿನ ಆಸಾಮಿಯೊಬ್ಬ ಬಂದು, ಕೊಲೆಯನ್ನು ತಾನು ಕಂಡೆ ಅನ್ನುತ್ತಾನೆ. ಪೊಲೀಸ ನೋಟ್‌ಬುಕ್ ತೆಗೆದು ಹೆಸರು ಕೇಳುತ್ತಾನೆ. ನಿಕೋಲಸ್ ವಾಲ್‌ಪೆನ್ನಿ. ಸತ್ತು ನೂರು ವರ್ಷದ ಮೇಲಾಗಿದೆ. ನಂಬಿಕೆ ಬರಲೆಂದು ಆತ ದೀಪದ ಬೆಳಕಿಗೆ ಸರಿದು ನಿಂತರೆ, ಅವನ ಮೈಯೊಳಗಿಂದ ಆಚೆಯದೆಲ್ಲ ಕಾಣುತ್ತದೆ.

ಬೆನ್ ಆರೊನೊವಿಚ್ ಅವರ 'ರಿವರ್ಸ್ ಆಫ್ ಲಂಡನ್' (2011) ತೆರೆದುಕೊಳ್ಳುವುದು ಹೀಗೆ. ಇದರಲ್ಲಿ ನಾನು ಮೆಚ್ಚಿದ್ದು ಆ ನೋಟ್‌ಬುಕ್ಕನ್ನು. ಪೀಟರ್ ಗ್ರ್ಯಾಂಟ್ ಎಂಬ ಈ ಕಾನ್‌ಸ್ಟೇಬಲ್ ಹನುಮಾನ್ ಚಾಲೀಸಾ ಶುರುಮಾಡುವ ಪೈಕಿಯಲ್ಲ, ಓಡಿಹೋಗುವ ಪೈಕಿಯೂ ಅಲ್ಲ. ಸಾಕ್ಷಿ ಸಿಕ್ಕರೆ ಮೊದಲು ಹೇಳಿಕೆ ಬರೆದುಕೋ, ಉಳಿದದ್ದು ಆಮೇಲೆ ಎಂದು ತರಬೇತಿಯಲ್ಲಿ ಕಲಿಸಿದ್ದಾರೆ, ಬರೆದುಕೊಳ್ಳುತ್ತಾನೆ. ಮರುದಿನ ಸಿಸಿಟಿವಿಯ ಚಿತ್ರಗಳ ಜೊತೆ ಅದನ್ನು ತಾಳೆ ನೋಡಿದರೆ, ದೆವ್ವ ಸುಳ್ಳು ಹೇಳಿರುವುದಿಲ್ಲ.

ನಮ್ಮ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಇಲ್ಲೊಂದು ಬೆರಗು ಕಾದಿರುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಹಿಡಿದು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ನೇತಾಡುತ್ತಿದ್ದ ಅಗ್ಗದ ಪುಸ್ತಕಗಳವರೆಗೆ, ದೆವ್ವ ಬಂತೆಂದರೆ ಕೊನೆಯ ಅಧ್ಯಾಯದಲ್ಲಿ ಅದರ ಬಿಳಿಬಟ್ಟೆ ಕಳಚಿ ಒಳಗಿನಿಂದ ಆಸ್ತಿಗೆ ಆಸೆಪಟ್ಟ ಚಿಕ್ಕಪ್ಪನೋ ಮ್ಯಾನೇಜರನೋ ಹೊರಬರುವುದೇ ಹೆಚ್ಚು. ಮಾಟಮಂತ್ರ ನಿಜವಾಗಿಯೇ ಬೇಕೆಂದವರು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ದ ಕಡೆ ಹೋಗಬೇಕಿತ್ತು. ಎರಡು ರುಚಿಗೆ ಎರಡು ಬೇರೆ ಅಂಗಡಿ.

ಪುಸ್ತಕಗಳಲ್ಲಿ ಹೀಗೆ ಬೇರೆಯಾದ ಪತ್ತೇದಾರನೂ ಮಾಂತ್ರಿಕನೂ ಊರಿನಲ್ಲಿ ಒಬ್ಬರೇ ಆಗಿದ್ದರು ಅನ್ನುವುದು ಸೋಜಿಗ. ನಮ್ಮ ಭಾಗದಲ್ಲಿ ಎತ್ತು ಕಳೆದರೆ, ಬೋರಮಾಳ ಕಾಣೆಯಾದರೆ ಅಂಜನ ಹಾಕಿಸುತ್ತಿದ್ದರು. ದೀಪದ ಕಾಡಿಗೆಗೆ ಔಡಲೆಣ್ಣೆ ಕಲೆಸಿ, ಎಳೇ ಹುಡುಗನ ಹೆಬ್ಬೆರಳಿನ ಉಗುರಿಗೋ ವೀಳ್ಯದೆಲೆಗೋ ಹಚ್ಚುವುದು. ಕಣ್ಣು ಕದಲಿಸದೆ ಅದನ್ನೇ ನೋಡು ಅನ್ನುವುದು. “ಏನ್ ಕಾಣತೈತೋ ತಮ್ಮಾ?” “ಕಸಾ ಹೊಡ್ಯಾಕತ್ತಾರ್ರಿ.” “ಹನುಮಪ್ಪ ಬಂದ್ನೇನ?” “ಬಂದ್ನರಿ.” “ಕಳ್ಳನ ತೆಲಿಗೆ ರುಮಾಲೈತೇನ ನೋಡು.” ಉತ್ತರ ಪ್ರಶ್ನೆಯ ಹೊಟ್ಟೆಯಲ್ಲೇ ಕೂತಿರುತ್ತದೆ. ಕೋರ್ಟಿನಲ್ಲಾಗಿದ್ದರೆ ಎದುರು ವಕೀಲರು ಎದ್ದು ನಿಲ್ಲುತ್ತಿದ್ದರು. ಊರ ಕಟ್ಟೆಯಲ್ಲಿ ಯಾರೂ ಏಳುತ್ತಿರಲಿಲ್ಲ, ರುಮಾಲಿನವನ ಪಾಡು ಅವನಿಗೆ. ತಾಳೆ ನೋಡುವ ಚಟವಿಲ್ಲದ ಮಾಂತ್ರಿಕ ಎಷ್ಟು ಅಪಾಯದವನು ಎಂಬುದು ಪೀಟರ್ ಗ್ರ್ಯಾಂಟ್‌ನನ್ನು ಓದುವಾಗ ಚೆನ್ನಾಗಿ ತಿಳಿಯುತ್ತದೆ.

ಇನ್ನೂ ಹಿಂದೆ ಹೋದರೆ ಹತ್ತನೇ ಶತಮಾನದ 'ವಡ್ಡಾರಾಧನೆ'ಯ ವಿದ್ಯುಚ್ಚೋರ ಸಿಗುತ್ತಾನೆ. ನಗರ, ಕಳವು, ಮಾಯೆ, ಪೊಲೀಸು, ನಾಲ್ಕೂ ಇರುವ ಕನ್ನಡ ಕತೆ ಇದು. ಮಿಥಿಳೆಯ ಪಾಳುಗುಡಿಯಲ್ಲಿ ಹಗಲೆಲ್ಲ ಕುಷ್ಠರೋಗಿಯಾಗಿ ಬಿದ್ದಿರುವವನು ರಾತ್ರಿ ದಿವ್ಯರೂಪ ತಾಳಿ, ಅರಸನನ್ನೇ ಮರುಳುಮಾಡಿ ಹಾರ ಕದ್ದೊಯ್ಯುತ್ತಾನೆ. ಊರ ಕಾವಲಿನ ತಳಾರ ಯಮದಂಡನಿಗೆ ಏಳು ದಿನದ ಗಡುವು. ಈ ತಳಾರನಿಗೆ ಯಾವ ವಿದ್ಯೆಯೂ ಇಲ್ಲ, ಇರುವುದು ಎರಡು ಕಣ್ಣು. ಏಳನೆಯ ದಿನ ಆ ರೋಗಿಯ ಮೇಲೆ ಅನುಮಾನ ಬಂದು ಎಳೆದುತರುತ್ತಾನೆ. ಪತ್ತೆಯೇನೋ ಸರಿ, ರುಜುವಾತು ಎಲ್ಲಿ? ಮೂವತ್ತೆರಡು ಬಗೆಯ ಹಿಂಸೆ ಕೊಟ್ಟರೂ ಕಳ್ಳ ಬಾಯಿಬಿಡುವುದಿಲ್ಲ. ಅರಸ ಅಭಯ ಕೊಟ್ಟ ಮೇಲೆ ತಾನೇ ನಗುತ್ತಾ ಒಪ್ಪಿಕೊಳ್ಳುತ್ತಾನೆ. ಕಳ್ಳನೂ ತಳಾರನೂ ಬಾಲ್ಯದ ಗೆಳೆಯರು ಅನ್ನುವುದು ಹೊರಬೀಳುವುದು ಆಗ. ಕತೆ ಮುಂದೆ ವೈರಾಗ್ಯದ ಹಾದಿ ಹಿಡಿಯುತ್ತದೆ, ಅದು ಅದರ ಧರ್ಮ. ಆದರೆ ಪಾಳುಗುಡಿಯ ಮುಂದೆ ನಿಂತು ರೋಗಿಯನ್ನು ಎರಡನೇ ಸಲ ನೋಡುವ ಯಮದಂಡನ ಆ ಒಂದು ಕ್ಷಣದಲ್ಲಿ ನಾನು ಪ್ರತಿ ಓದಿಗೂ ತಡೆದು ನಿಲ್ಲುತ್ತೇನೆ.

ಇಂಗ್ಲಿಷಿನವರು ಮಾಡಿದ್ದು, ಕಳ್ಳನ ಕೈಯ ವಿದ್ಯೆಯನ್ನು ತಳಾರನಿಗೆ ದಾಟಿಸಿದ್ದು. ಅಮೆರಿಕದ ಜಿಮ್ ಬುಚರ್ 2000ದಲ್ಲಿ 'ಸ್ಟಾರ್ಮ್ ಫ್ರಂಟ್' ಪ್ರಕಟಿಸಿ, ಶಿಕಾಗೋದ ಟೆಲಿಫೋನ್ ಡೈರೆಕ್ಟರಿಯಲ್ಲಿ ಮಾಂತ್ರಿಕ ಅಂತಲೇ ಹೆಸರು ಹಾಕಿಸಿಕೊಂಡ ಹ್ಯಾರಿ ಡ್ರೆಸ್ಡನ್‌ನನ್ನು ತಂದರು. ಬಾಡಿಗೆ ಬಾಕಿ, ಹಳೇ ಫೋಕ್ಸ್‌ವ್ಯಾಗನ್ ಬೀಟಲ್, ನೆಲಮಾಳಿಗೆಯ ತಲೆಬುರುಡೆಯಲ್ಲಿ ವಾಸಿಸುವ ಬಾಯಿಬಡುಕ ಆತ್ಮ, ಪಿಜ್ಜಾಕ್ಕೆ ಸುದ್ದಿ ಮಾರುವ ಅಂಗೈಯಗಲದ ಕಿನ್ನರ. ಓಟ ಚೆನ್ನಾಗಿದೆ, ಗುಡುಗು ಸಿಡಿಲು ನನ್ನ ನಾಲಿಗೆಗೆ ತುಸು ಜಾಸ್ತಿ.

ಆರೊನೊವಿಚ್‌ರದು ನಿಧಾನದ ಪಾಕ. ಇಂಗ್ಲೆಂಡಿನ ಕೊನೆಯ ಅಧಿಕೃತ ಮಾಂತ್ರಿಕ ಇನ್‌ಸ್ಪೆಕ್ಟರ್ ನೈಟಿಂಗೇಲ್ ಕೈಕೆಳಗೆ ಪೀಟರ್ ಕಲಿಯುವ ಮೊದಲ ಮಂತ್ರ, ಅಂಗೈಯಲ್ಲಿ ಒಂದಿಷ್ಟು ಬೆಳಕು ಹುಟ್ಟಿಸುವುದು. ಅದಕ್ಕೇ ವಾರಗಟ್ಟಲೆ ಸಾಧನೆ. ಮಂತ್ರ ಪ್ರಯೋಗಿಸಿದಾಗ ಅವನ ಮೊಬೈಲು ಸತ್ತುಹೋಗುತ್ತದೆ. ಬಿಚ್ಚಿ ನೋಡಿದರೆ ಒಳಗಿನ ಚಿಪ್ ನುಣ್ಣನೆಯ ಮರಳು. ಬೇರೆ ಕಾದಂಬರಿಯ ನಾಯಕ ಇದನ್ನು ಶಾಪ ಅಂದುಕೊಂಡು ಮುಂದೆ ನಡೆಯುತ್ತಿದ್ದ. ಪೀಟರ್ ಹಳೇ ಮೊಬೈಲು, ಕ್ಯಾಲ್ಕುಲೇಟರುಗಳನ್ನು ಗುಡ್ಡೆಹಾಕಿಕೊಂಡು ಎಷ್ಟು ದೂರದಲ್ಲಿಟ್ಟರೆ ಸಾಯುತ್ತವೆ, ಬ್ಯಾಟರಿ ಕಿತ್ತರೆ ಬದುಕುತ್ತವೆಯೇ ಎಂದು ಒಂದೊಂದಾಗಿ ಪರೀಕ್ಷಿಸುತ್ತಾನೆ. ಮಾಂತ್ರಿಕ ಗುರುಗಳಿಗೆ ಈ ಪ್ರಶ್ನೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಈ ಪುಟಗಳಲ್ಲಿ ಕೊಲೆಗಾರನನ್ನು ಮರೆತು ಕೂತಿದ್ದೆ.

ಹೊಳೆಗಳ ಪ್ರಸಂಗ ಇನ್ನೂ ಸೊಗಸು. ಲಂಡನ್ನಿನ ಕೆಳಹರಿವಿಗೆ ತಾಯಿ ಥೇಮ್ಸ್ ಒಡತಿ. ನೈಜೀರಿಯಾದಿಂದ ಬಂದ ಹುಡುಗಿ, ನದಿಗೆ ಬಿದ್ದು ದೇವಿಯಾದವಳು. ಮೇಲ್ಹರಿವಿನಲ್ಲಿ ತಂದೆ ಥೇಮ್ಸ್. 1858ರಲ್ಲಿ ಲಂಡನ್ನಿನ ಹೊಲಸು ನಾರಿ ಪಾರ್ಲಿಮೆಂಟೇ ಮೂಗು ಮುಚ್ಚಿಕೊಂಡ ಕಾಲಕ್ಕೆ ಬೇಸತ್ತು ಊರು ಬಿಟ್ಟ ಮುದುಕ. ಇಬ್ಬರಿಗೂ ಗಡಿತಂಟೆ. ತಾಯಿಯ ಮನೆಗೆ ಹೋದ ಪೀಟರ್ ಕೊಟ್ಟದ್ದನ್ನು ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ತಿಂದರೆ ಋಣಕ್ಕೆ ಬಿದ್ದ. “ಚಾ ಕುಡೀದ ಎದ್ದರ ಹೆಂಗ್ರಿ” ಎನ್ನುವ ನಮ್ಮ ಸೀಮೆಯಲ್ಲಿ ಇಂಥ ಪೊಲೀಸನ ಗತಿ ಕಷ್ಟ. ಕೊನೆಗೆ ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಒತ್ತೆಯಾಗಿ ಅದಲುಬದಲು ಮಾಡಿಸಿ ರಾಜಿ.

ನಮ್ಮ ಹೊಳೆಗಳಿಗೂ ತಂಟೆ ತಪ್ಪಿಲ್ಲ. ಮುಂಡರಗಿ ತಾಲೂಕಿನ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ, ಹಮ್ಮಿಗಿಯಲ್ಲಿ ಅವಳಿಗೆ ಬ್ಯಾರೇಜಿನ ಗೇಟುಗಳಿವೆ. ಮಹದಾಯಿ ಹೊಳೆಯ ನೀರಿನ ಜಗಳಕ್ಕೆ 2010ರಲ್ಲಿ ನ್ಯಾಯಮಂಡಳಿಯಾಯಿತು, 2018ರಲ್ಲಿ ತೀರ್ಪು ಬಂತು. ಅಷ್ಟು ವರ್ಷದ ವಿಚಾರಣೆಯಲ್ಲಿ ಹೊಳೆಯ ಹೇಳಿಕೆಯೊಂದನ್ನು ಬಿಟ್ಟು ಎಲ್ಲರದೂ ದಾಖಲಾಯಿತು. ಆರೊನೊವಿಚ್‌ರ ಕೈಗೆ ಸಿಕ್ಕಿದ್ದರೆ ಆಕೆಯೂ ಸೆರಗು ಸರಿಪಡಿಸಿಕೊಂಡು ಕಟಕಟೆ ಹತ್ತುತ್ತಿದ್ದಳು.

ಬರವಣಿಗೆಯ ಮೇಲೆ ಇಷ್ಟು ಮೋಹವಿರುವ ಮಾಂತ್ರಿಕ ಕತೆ ನಮ್ಮ ಗದಗ ಸೀಮೆಯ ಕಣಗಿನಹಾಳದ ಓದುಗನಿಗೆ ಹಿಡಿಸದಿದ್ದೀತೇ? 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ದೇಶದ ಮೊದಲನೆಯದೆಂದು ಹೇಳುವ ಸಹಕಾರಿ ಪತ್ತಿನ ಸಂಘ ಕಟ್ಟಿದ ಊರಿದು. ಸಾವಕಾರನ ಬಾಯಿಲೆಕ್ಕದ ಜಾಗಕ್ಕೆ ಖಾತೆ, ರಸೀದಿ, ಠರಾವು ತಂದವರು. ದೈವಗಳ ಜೊತೆಗೂ ಕರಾರು ಮಾಡಿಕೊಳ್ಳುವ ಪೊಲೀಸ ಇಲ್ಲಿ ಪರಕೀಯನಲ್ಲ.

ಕೊಲೆಗಾರ ಯಾರೆಂದು ಹೇಳಿ ಓದಿನ ಸುಖ ಕೆಡಿಸುವುದಿಲ್ಲ. ಸುಳಿವು ಮಾತ್ರ ಕೊಡುವೆ. 1662ರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಇದೇ ಕೋವೆಂಟ್ ಗಾರ್ಡನ್‌ನಲ್ಲಿ ಒಂದು ಗೊಂಬೆಯಾಟ ನೋಡಿ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ; ಅದರ ನಾಯಕ ಪಂಚ್ ದೊಣ್ಣೆಯಿಂದ ಸಿಕ್ಕಸಿಕ್ಕವರನ್ನು ಬಡಿಯುವವನು. ನಮ್ಮ ತೊಗಲುಗೊಂಬೆಯ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಪೋಲಿ ಮಾತಾಡಿ ನಗಿಸಿ ಹೋಗುತ್ತಾರೆ, ಅದೃಷ್ಟವಶಾತ್ ಯಾರ ತಲೆಯನ್ನೂ ಉರುಳಿಸುವುದಿಲ್ಲ. ಕಾದಂಬರಿಯ ಕೊನೆಯ ಭಾಗದಲ್ಲಿ ದೊಂಬಿ, ಬೆಂಕಿ, ಓಟ ಎಲ್ಲ ಒಟ್ಟಿಗೆ ನುಗ್ಗಿ, ಮೊದಲರ್ಧದ ಸಾವಧಾನ ಚೆದುರುತ್ತದೆ. ಅಷ್ಟು ಮಟ್ಟಿಗೆ ನನ್ನ ತಕರಾರಿದೆ.

ಅದೇ ವರ್ಷ ಬಂದ ಎರಡನೆಯ ಕಾದಂಬರಿ 'ಮೂನ್ ಓವರ್ ಸೋಹೊ'ದಲ್ಲಿ ಸಾವಧಾನ ಮರಳಿದೆ. ಸತ್ತ ಜಾಝ್ ವಾದಕನ ಹೆಣದ ಮೇಲೆ ಬಾಗಿದ ಪೀಟರ್‌ಗೆ ಅದರಿಂದ ಒಂದು ಧಾಟಿ ಕೇಳಿಸುತ್ತದೆ. ಮಾಟ ತಗುಲಿದ್ದರ ಗುರುತು ಅದು. ಅವನ ಅಪ್ಪನೂ ಜಾಝ್ ನುಡಿಸಿದವನೇ. ಯಾವ ಧಾಟಿ ಎಂದು ಮನೆಗೆ ಹೋಗಿ ಕೇಳಬಹುದು. ಈ ಕೇಸು ಗದಗಿನಲ್ಲಿ ನಡೆದಿದ್ದರೆ ತನಿಖೆ ಇನ್ನೂ ಸಲೀಸು. ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಯಾವ ವಿದ್ಯಾರ್ಥಿಯನ್ನು ಕರೆತಂದರೂ ಹೆಣದ ಪಕ್ಕ ಕಿವಿಯಿಟ್ಟು, ಭೀಮಪಲಾಸ್ರೀ, ಆದರ ನಿಷಾದ ಸ್ವಲ್ಪ ಇಳದೈತಿ ಎಂದು ಪಂಚನಾಮೆಗೆ ಬರೆಸುತ್ತಿದ್ದ.