ಸಾಲ ತೀರಿತು, ಹೊಲ ದಕ್ಕಲಿಲ್ಲ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಅಸ್ಪೃಶ್ಯತೆಯ ಕಥೆಯೆಂದು ಓದುತ್ತ ಬಂದಿದ್ದೇವೆ. ಬಿಡುಗಡೆಯಾದವರ ಕಥೆಯೆಂದೂ ಅದನ್ನು ಓದಬೇಕು. ಗುಲಾಮಗಿರಿಗೆ ಕಾನೂನಿನ ಮನ್ನಣೆ ಇಲ್ಲವೆಂದು ಕಂಪನಿ ಸರ್ಕಾರ ಸಾರಿದ್ದು 1843ರಲ್ಲಿ. ಕಾದಂಬರಿ ಬಂದದ್ದು 1933ರಲ್ಲಿ. ತಲೆಮಾರುಗಳಿಂದ ಧಣಿಗೆ ಕಟ್ಟುಬಿದ್ದಿದ್ದ ದಕ್ಷಿಣ ಕನ್ನಡದ ಮೂಲದಾಳುಗಳು ಕಾಗದದ ಮೇಲೆ ಸ್ವತಂತ್ರರಾಗಿ ತೊಂಬತ್ತು ವರ್ಷ ಕಳೆದರೂ ಕಥಾನಾಯಕ ಚೋಮ ಧಣಿಯ ಆಳಾಗಿಯೇ ಇದ್ದಾನೆ.

ಹೀಗೇಕೆಂಬುದನ್ನು ಕಾರಂತರು ಭಾಷಣ ಮಾಡದೆ ತೋರಿಸುತ್ತಾರೆ. ಚೋಮನಿಗೆ ಜೋಡೆತ್ತಿದೆ, ಉಳುವ ಕಸುವಿದೆ, ಹೊಲವಿಲ್ಲ. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ಅವನ ತಾಯಿ ಅಸ್ಪೃಶ್ಯರಿಗೆ ಹೊಲ ಕೊಡದ ಹಿಂದಿನ ಕಟ್ಟಳೆ ಮುರಿಯಬಾರದೆನ್ನುತ್ತಾಳೆ. ಹೊಲ ಸಿಗದವನಿಗೆ ಉಳಿಯುವುದು ಘಟ್ಟದ ಕಾಫಿ ತೋಟ. ಅಲ್ಲಿನ ಸಾಲ ಅವನ ಮಕ್ಕಳನ್ನೇ ಎಳೆದುಕೊಳ್ಳುತ್ತದೆ. ಮುಂಗಡ ಪಡೆದು ಕೆಲಸ ಬಿಟ್ಟ ಆಳನ್ನು ಜೈಲಿಗೆ ಕಳಿಸಲು 1859ರಲ್ಲೇ ಕಾಯ್ದೆಯಾಗಿತ್ತು. ಹಳೆಯ ಹಗ್ಗ ಬಿಚ್ಚಿದ ಕಾನೂನೇ ಹೊಸ ಹಗ್ಗ ಹೊಸೆದಿತ್ತು.

ಕೊನೆಗೆ ಸಾಲ ತೀರುತ್ತದೆ, ಮಗಳು ಬೆಳ್ಳಿಯ ಮೈಯೇ ಬೆಲೆಯಾಗಿ. ಕಾದಂಬರಿಯ ಅತ್ಯಂತ ದಿಟ್ಟ ಮಾತು ಇದು. ಅದರ ಕೊರತೆಯೂ ಇಲ್ಲೇ ಇದೆ. ತೆತ್ತವಳು ಬೆಳ್ಳಿ, ಆದರೆ ದುಃಖವೆಲ್ಲ ಅಪ್ಪ ಬಾರಿಸುವ ದುಡಿಯಲ್ಲಿ ಮೊಳಗುತ್ತದೆ. ಅವಳಿಗೆ ಏನು ಬೇಕಿತ್ತೆಂದು ಕಥೆ ನಿಂತು ಕೇಳುವುದಿಲ್ಲ.

ಮುಂದೆ ಬಂದ ಕಾನೂನುಗಳಿಗೂ ಚೋಮನೇ ಒರೆಗಲ್ಲು. ‘ಉಳುವವನೇ ಹೊಲದೊಡೆಯ’ ಎಂದ 1974ರ ಭೂಸುಧಾರಣೆ ಗೇಣಿದಾರರ ಬದುಕನ್ನು ನಿಜಕ್ಕೂ ಬದಲಿಸಿತು. ಆದರೆ ಚೋಮನಿಗೆ ಗೇಣಿಯೇ ಸಿಕ್ಕಿರಲಿಲ್ಲ. ಅಂಥವನು ಯಾವ ಹೊಲಕ್ಕೆ ಅರ್ಜಿ ಹಾಕಬೇಕಿತ್ತು? 1976ರ ಜೀತ ನಿರ್ಮೂಲನ ಕಾಯ್ದೆ ಸಾಲವನ್ನು ಅಳಿಸಿತು, ಗುಡಿಸಲಿನಿಂದ ಎಬ್ಬಿಸಬಾರದೆಂದಿತು. ಅದೂ ಹೊಲ ಕೊಡಲಿಲ್ಲ.

ಕಾದಂಬರಿಯನ್ನು ಈಚೆಗೆ ಮತ್ತೆ ಓದಿದ್ದು ಬೆಂಗಳೂರಿನ ಶ್ರೀಗಂಧದ ಕಾವಲ್‌ನಲ್ಲಿ. ಕಾವಲ್ ಎಂದರೆ ದನ ಮೇಯಲು ಬಿಟ್ಟ ನೆಲ. ಈಗ ಅಲ್ಲಿ ಸೈಟುಗಳು, ಏಳುತ್ತಿರುವ ಕಟ್ಟಡಗಳು, ಪಕ್ಕದಲ್ಲಿ ಕೂಲಿಗಳ ತಗಡಿನ ಶೆಡ್ಡುಗಳು. ಮೇಸ್ತ್ರಿಯಿಂದ ಮುಂಗಡ ಪಡೆದು ಊರು ಬಿಟ್ಟು ಬರುವವರು ಇಂದೂ ಇದ್ದಾರೆ. ಆ ಮುಂಗಡ ದುಡಿಮೆಯನ್ನು ಕಟ್ಟಿಹಾಕಿದರೆ ಅದು ಜೀತವೇ ಎಂದು ಕಾಯ್ದೆ ಹೇಳುತ್ತದೆ. ಅವರನ್ನು ಬಿಡಿಸಿದ ದಿನ ಅಧಿಕಾರಿಗಳು ಕೊಡುವ ಬಿಡುಗಡೆ ಪತ್ರದ ಜೊತೆಗೆ ಒಂದು ತುಂಡು ಹೊಲದ ಪಹಣಿಯೂ ಇರಬೇಕು. ಅದರಲ್ಲಿ ಚೋಮನ ಹೆಸರಿನ ಪಕ್ಕದಲ್ಲೇ ಬೆಳ್ಳಿಯ ಹೆಸರೂ ಇರಬೇಕು.