‘ಕೆರೆಗೆ ಹಾರ’ದಲ್ಲಿ ಬಿಟ್ಟುಹೋದ ಭಾಗ

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಂಘದ ಮಹಿಳಾ ಶಾಖೆಯವರು ‘ಕೆರೆಗೆ ಹಾರ’ವನ್ನು ಹಾಡುರೂಪಕವಾಗಿ ರಂಗಕ್ಕೆ ತಂದುದನ್ನು ವಾಚಕರಲ್ಲಿ ಅನೇಕರು ನೋಡಿರಬೇಕು. ಹಾಡುಗಾರಿಕೆ ಚೆನ್ನಾಗಿತ್ತು. ಭಾಗೀರಥಿಯ ಪಾತ್ರ ವಹಿಸಿದ ಹುಡುಗಿ ಹೈದರಾಬಾದಿನಲ್ಲಿಯೇ ಹುಟ್ಟಿ ಬೆಳೆದವಳು. ಶಾಲೆಯಲ್ಲಿ ಕನ್ನಡದ ಮುಖವನ್ನೇ ಕಾಣದವಳು. ಆದರೂ ನಮ್ಮ ಕಡೆಯ ಆಡುಮಾತನ್ನು ಎಲ್ಲಿಯೂ ತಡವರಿಸದೆ ಹಾಡಿದಳು. ಇಬ್ಬರು ಹೆಂಗಸರು ಆಚೆ ಈಚೆ ನಿಂತು ನೀಲಿ ಸೀರೆಯೊಂದನ್ನು ಹಿಡಿದು, ಒಂದೊಂದು ಮೆಟ್ಟಲಿಗೂ ಅದನ್ನು ಮೇಲೆತ್ತುತ್ತ ಹೋದ ಉಪಾಯವಂತೂ ಖರ್ಚಿಲ್ಲದ, ಆದರೆ ಎದೆ ನಡುಗಿಸುವ ಉಪಾಯ. ಐದನೆಯ ಮೆಟ್ಟಲಿಗೆ ಕೆರೆ ತುಂಬಿತು. ಗಂಗೆಗೆ ಆರತಿಯಾಯಿತು. ಪರದೆ ಬಿತ್ತು. ಮುಖ್ಯ ಅತಿಥಿಗಳು ಎದ್ದು, ಊರಿಗಾಗಿ ಪ್ರಾಣ ಕೊಟ್ಟ ತ್ಯಾಗಮಯಿಯೆಂದು ಭಾಗೀರಥಿಯನ್ನು ಕೊಂಡಾಡಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ.

ನನ್ನ ತಕರಾರು ಪರದೆ ಬಿದ್ದ ಜಾಗದ ಬಗ್ಗೆ. ಹಾಡು ಅಲ್ಲಿಗೆ ಮುಗಿಯುವುದಿಲ್ಲ. ಸಮಯದ ಅಭಾವದಿಂದ ಉತ್ತರಾರ್ಧವನ್ನು ಕೈಬಿಟ್ಟೆವೆಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಊಟದ ಹೊತ್ತಾಗಿತ್ತು, ಸಭಾಂಗಣವನ್ನು ಒಂಬತ್ತಕ್ಕೆ ಬಿಟ್ಟುಕೊಡಬೇಕಿತ್ತು, ಎಲ್ಲವೂ ಸರಿ. ಆದರೆ ಕತ್ತರಿ ಬಿದ್ದುದು ಎಲ್ಲಿ ಎಂಬುದನ್ನು ಸ್ವಲ್ಪ ನೋಡಬೇಕು.

ಇಲ್ಲಿ ಬೆಳೆದ ಮಕ್ಕಳಿಗಾಗಿ ಕಥೆಯನ್ನು ಹೇಳಿಬಿಡುತ್ತೇನೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ. ಹನಿ ನೀರು ಬರಲಿಲ್ಲ. ಜೋಯಿಸರು ಪುಸ್ತಕ ತೆಗೆದು ಸೊಸೆಯನ್ನು ಹಾರ ಕೊಡಬೇಕೆಂದರು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಗೆ ಹಿರಿತನಕ್ಕೆ ಯಾರೂ ಇಲ್ಲದಂತಾಗುತ್ತದೆ. ಆದ್ದರಿಂದ ಕಿರಿಯವಳಾದ ಭಾಗೀರಥಿಯೇ ಆಗಬೇಕು. ಸುದ್ದಿ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಅಪ್ಪನಿಗೆ ನಿಜ ಹೇಳಲಾರಳು, ಅತ್ತೆಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಅಪ್ಪ ಹೊಲಮನೆ ಕೊಡುವ ಮಾತಾಡುತ್ತಾನೆ. ಅವ್ವ ಒಡವೆಯ ಮಾತಾಡುತ್ತಾಳೆ. ಗೆಳತಿಗೆ ಮಾತ್ರ ನಿಜ ಹೇಳುತ್ತಾಳೆ. ಗೆಳತಿ ಹೇಳುವುದಾದರೂ ಏನು? ಕೊಟ್ಟ ಮನೆಯವರು ಹೇಗೆ ಇಟ್ಟರೆ ಹಾಗೆ ಇರಬೇಕೆಂಬ ಬುದ್ಧಿವಾದ. ಅಲ್ಲಿಗೆ ಎಲ್ಲ ಬಾಗಿಲುಗಳೂ ಮುಚ್ಚಿದವು. ಗಂಡ ಮಾದೇವರಾಯ ದೂರದ ದಂಡಿನಲ್ಲಿದ್ದಾನೆ.

ಇನ್ನು ಕೆರೆಯ ದೃಶ್ಯ. ಪೂಜೆ ಮುಗಿಸಿ ಎಲ್ಲರೂ ಹೊರಟು ಬರುತ್ತಾರೆ. ಬಂಗಾರದ ಬಟ್ಟಲು ಕೆರೆಯಲ್ಲಿಯೇ ಉಳಿದಿದೆ. ಅದನ್ನು ತರಲು ಹಿಂತಿರುಗುವವಳು ಭಾಗೀರಥಿ. ನಾನು ವಾಚಕರ ಗಮನವನ್ನು ಸೆಳೆಯಬಯಸುವುದು ಈ ಬಟ್ಟಲಿನ ಕಡೆಗೆ. ಬಲಿ ಕೊಡುವುದೇ ಧರ್ಮವೆಂದು ಮನೆಯವರು ನಿಜವಾಗಿ ನಂಬಿದ್ದರೆ ಮರೆತ ಬಟ್ಟಲು ಏಕೆ ಬೇಕು? ಕೈಹಿಡಿದು ಮೆಟ್ಟಲಿಳಿಸಬಹುದಿತ್ತಲ್ಲ! ಯಾರೂ ದೂಡಬಾರದು, ಅವಳಾಗಿ ಹೋದಂತಿರಬೇಕು, ನೀರು ತಾನಾಗಿ ಏರಿದಂತಿರಬೇಕು. ನಮ್ಮ ಪಂಚನಾಮೆಯ ಭಾಷೆಯಲ್ಲಿ ಇದಕ್ಕೊಂದು ಹೆಸರುಂಟು: ‘ಆಕಸ್ಮಿಕ’. ಹಾಡು ಕಟ್ಟಿದ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತಿತ್ತೆಂದೇ ನನ್ನ ಭಾವನೆ. ಒಂದು ಮಾತಿನ ಟೀಕೆಯನ್ನೂ ಮಾಡದೆ ಅವರು ಬಟ್ಟಲನ್ನು ಅಲ್ಲಿ ಇಟ್ಟು ಸುಮ್ಮನಾದರು.

ನಾವು ಕೈಬಿಟ್ಟ ಭಾಗ ಇಲ್ಲಿಂದ ಮುಂದಿನದು. ದಂಡಿನಲ್ಲಿ ಕೆಟ್ಟ ಕನಸು ಕಂಡ ಮಾದೇವರಾಯ ಕುದುರೆಯೇರಿ ಬರುತ್ತಾನೆ. ಭಾಗೀರಥಿ ಎಲ್ಲಿ ಎಂದು ಕೇಳುತ್ತಾನೆ. ಎಲ್ಲಿಗೋ ಹೋಗಿದ್ದಾಳೆ ಎಂಬ ಉತ್ತರ. ಅವನು ಅಲ್ಲಿಗೂ ಹೋಗಿ ಕೇಳುತ್ತಾನೆ. ಅಲ್ಲಿಲ್ಲ. ಕೊನೆಗೆ ಗೆಳತಿಯ ಮನೆ. ಅವಳೊಬ್ಬಳೇ, ನಿನ್ನ ತಂದೆತಾಯಿಗಳೇ ಕೆರೆಗೆ ಕೊಟ್ಟರೆಂದು ಬಾಯಿಬಿಟ್ಟು ಹೇಳುತ್ತಾಳೆ. ಅವನು ಕೆರೆಯ ಏರಿಯ ಮೇಲೆ ಅತ್ತು ಅದೇ ನೀರಿಗೆ ಹಾರುತ್ತಾನೆ. ಹಾಡು ಮುಗಿಯುವುದು ಹೀಗೆ, ಆರತಿಯಿಂದಲ್ಲ. ತ್ಯಾಗವೆಂದು ನಂಬಿದವರು ಮಗನ ಮುಂದೆ ಸುಳ್ಳು ಹೇಳುವುದಿಲ್ಲ. ಆ ಒಂದು ಸುಳ್ಳಿನಿಂದಲೇ ಪೂರ್ವಾರ್ಧದ ಬಟ್ಟಲಿಗೆ ಅರ್ಥ ಬರುತ್ತದೆ. ಉತ್ತರಾರ್ಧವನ್ನು ಕತ್ತರಿಸಿದರೆ ಉಳಿಯುವುದು ಮಲ್ಲನಗೌಡನ ಮನೆಯವರು ಊರಿಗೆ ಹೇಳಿರಬಹುದಾದ ಕಥೆ ಮಾತ್ರ. ಆ ಸಂಜೆ ನಾವು ಕೈತಟ್ಟಿದ್ದು ಅದಕ್ಕೆ.

ಕಟ್ಟಡ ನಿಲ್ಲಲು ಕಿರಿಯ ಸೊಸೆಯನ್ನು ಬಲಿ ಕೊಡುವ ಕಥೆ ನಮ್ಮದೊಂದೇ ಅಲ್ಲ. ಸರ್ಬಿಯದವರು ಸ್ಕಾದರ್ ಕೋಟೆಯ ಬಗ್ಗೆ, ರುಮೇನಿಯದವರು ಮಾನೊಲೆ ಎಂಬ ಶಿಲ್ಪಿಯ ಬಗ್ಗೆ ಇಂಥದೇ ಹಾಡನ್ನು ಹಾಡುತ್ತಾರೆ. ಇಂಥ ಹಾಡುಗಳ ಮೇಲಿನ ಲೇಖನಗಳನ್ನು ಆಲನ್ ಡಂಡಿಸ್ ಎಂಬ ಜಾನಪದ ವಿದ್ವಾಂಸರು 1996ರಲ್ಲಿ ಒಂದು ಸಂಪುಟವಾಗಿ ತಂದಿದ್ದಾರೆ. ಸ್ಕಾದರ್ ಹಾಡಿನಲ್ಲಿ ಮೂವರು ಅಣ್ಣತಮ್ಮಂದಿರು ತಂತಮ್ಮ ಹೆಂಡಿರಿಗೆ ಏನೂ ಹೇಳುವುದಿಲ್ಲವೆಂದು ಆಣೆ ಮಾಡುತ್ತಾರೆ. ಹಿರಿಯರಿಬ್ಬರು ಆಣೆ ಮುರಿದು ಹೇಳಿಬಿಡುತ್ತಾರೆ, ಕಿರಿಯವನು ಹೇಳುವುದಿಲ್ಲ, ಅವನ ಹೆಂಡತಿ ಬುತ್ತಿ ತಂದು ಸಿಕ್ಕಿಬೀಳುತ್ತಾಳೆ. ಅಲ್ಲಿಯೂ ಪ್ರಶ್ನೆ ಒಂದೇ: ಯಾರಿಗೆ ಗೊತ್ತಿತ್ತು, ಯಾರು ಬಾಯಿಬಿಟ್ಟರು, ಯಾರು ಬಿಡಲಿಲ್ಲ.

ನಾನು ಬಿ.ಎಸ್‌ಸಿ. ಓದಿದವನು. ಇಪ್ಪತ್ತು ವರ್ಷದಿಂದ ಕಡತಗಳ ಮಧ್ಯೆ ಇದ್ದರೂ ವಿಜ್ಞಾನದ ಹಳೆಯ ಚಟ ಬಿಟ್ಟಿಲ್ಲ. ನೀರಿನಲ್ಲಿ ಮುಳುಗಿ ಸತ್ತ ದೇಹ ವೈದ್ಯರಿಗೆ ಏನನ್ನು ಹೇಳುತ್ತದೆ? ಬಾಯಿಮೂಗಿನಲ್ಲಿ ಬಿಳಿಯ ನೊರೆ, ಉಬ್ಬಿದ ಶ್ವಾಸಕೋಶ, ಕೆಲವೊಮ್ಮೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ ಪಾಚಿ. ಡಯಾಟಂ ಎಂಬ ಸೂಕ್ಷ್ಮ ಪಾಚಿಗಳು ಕೆರೆಬಾವಿಗಳ ನೀರಿನಲ್ಲಿ ಇರುತ್ತವೆ. ಅವುಗಳ ಚಿಪ್ಪು ಗಾಜಿನಂಥ ಸಿಲಿಕದ್ದು. ಜೀವಂತವಾಗಿ ಮುಳುಗಿದವರ ಹೃದಯ ಇನ್ನೂ ಬಡಿಯುತ್ತಿರುವುದರಿಂದ, ಉಸಿರಿನೊಂದಿಗೆ ಒಳಹೊಕ್ಕ ಡಯಾಟಂ ರಕ್ತದೊಡನೆ ಸಾಗಿ ಎಲುಬಿನ ಮಜ್ಜೆಯನ್ನೂ ಸೇರಬಹುದು. ಶುದ್ಧಿ ಮಾಡಿದ ನಲ್ಲಿಯ ನೀರಿನಲ್ಲಿ ಅವು ಬಹಳ ಕಡಮೆ, ಆದ್ದರಿಂದ ಸ್ನಾನದ ತೊಟ್ಟಿಯ ಸಾವಿಗೆ ಈ ಪರೀಕ್ಷೆ ಅಷ್ಟಾಗಿ ಒದಗುವುದಿಲ್ಲ. ಇಷ್ಟೆಲ್ಲ ಮಾಡಿಯೂ ದೇಹ ಹೇಳುವುದು ಎಷ್ಟು? ಮುಳುಗಿ ಸತ್ತಳು ಎಂಬುದನ್ನು. ಜಾರಿದಳೋ, ಹಾರಿದಳೋ, ಯಾರಾದರೂ ದೂಡಿದರೋ ಎಂಬುದನ್ನು, ಮೈಮೇಲೆ ಗಾಯದ ಗುರುತಿಲ್ಲದಿದ್ದರೆ, ನಮ್ಮ ನಾಂಪಲ್ಲಿಯ ರೆಡ್ ಹಿಲ್ಸ್‌ನಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯವೂ ಹೇಳಲಾರದು. ಅದನ್ನು ಹೇಳಬೇಕಾದವರು ಸುತ್ತಮುತ್ತ ಇದ್ದವರು. ಮಾದೇವರಾಯ ಮನೆಯಿಂದ ಮನೆಗೆ ಅಲೆದುದು ಇದಕ್ಕಾಗಿಯೇ.

ಹಾಗಾದರೆ ಸುತ್ತಮುತ್ತ ಇದ್ದವರು ಬಾಯಿಗೆ ಬಂದುದನ್ನೆಲ್ಲ ಆಡಬೇಕೆ? 2018ರ ಫೆಬ್ರವರಿ 24ರಂದು ಶ್ರೀದೇವಿ ದುಬೈನ ಹೋಟೆಲೊಂದರಲ್ಲಿ ತೀರಿಕೊಂಡದ್ದು ವಾಚಕರಿಗೆ ನೆನಪಿರಬೇಕು. ‘ಭಕ್ತ ಕುಂಬಾರ’ದಲ್ಲಿ ಬಾಲನಟಿಯಾಗಿದ್ದ ಆಕೆ ನಮಗೂ ಬೇಕಾದವರು, ಈ ಊರಿನವರಿಗಂತೂ ಮನೆಮಗಳೇ. ಮೊದಲು ಹೃದಯಾಘಾತವೆಂದು ಸುದ್ದಿ ಬಂತು. ಎರಡು ದಿನದ ಮೇಲೆ, ಪ್ರಜ್ಞೆ ತಪ್ಪಿ ಸ್ನಾನದ ತೊಟ್ಟಿಯಲ್ಲಿ ಮುಳುಗಿದರೆಂದು ಬಂತು. ಮುಗಿಯಿತು! ನಾಂಪಲ್ಲಿ ಸ್ಟೇಷನ್ ಎದುರಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುವವರೆಲ್ಲ ಪತ್ತೇದಾರರಾದರು. ತೆಲುಗು ಸುದ್ದಿವಾಹಿನಿಯೊಂದರ ವರದಿಗಾರರು ತೊಟ್ಟಿಯೊಂದರಲ್ಲಿ ತಾವೇ ಮಲಗಿ ತೋರಿಸಿದರು. ದುಬೈನ ಅಧಿಕಾರಿಗಳು 27ರಂದು ಪ್ರಕರಣವನ್ನು ಮುಕ್ತಾಯಗೊಳಿಸಿದರು. ಮರುತನಿಖೆ ಬೇಕೆಂಬ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟು ಆ ಮೇ ತಿಂಗಳಲ್ಲಿ ತಳ್ಳಿಹಾಕಿತು. ಆದರೂ ಮಾತು ನಿಲ್ಲಲಿಲ್ಲ. ನನ್ನ ಕಚೇರಿಯಲ್ಲಿಯೂ ಒಂದು ವಾರ ಇದೇ ಚರ್ಚೆ. ಅಳತೆ ಗೊತ್ತಿಲ್ಲದ ತೊಟ್ಟಿ, ಕಾಣದ ಕೋಣೆ, ಓದದ ವರದಿ. ಆದರೆ ತೀರ್ಪು ಮಾತ್ರ ಎಲ್ಲರ ಜೇಬಿನಲ್ಲಿಯೂ ಸಿದ್ಧ.

ಆದರೆ ಸಂಶಯವೇ ತಪ್ಪೆಂದು ನಾನು ಹೇಳಲಾರೆ. ಇಂಗ್ಲೆಂಡಿನಲ್ಲಿ ಜಾರ್ಜ್ ಜೋಸೆಫ್ ಸ್ಮಿತ್ ಎಂಬವನಿದ್ದ. 1912ರಲ್ಲಿ ಒಬ್ಬಳು, 1913ರಲ್ಲಿ ಒಬ್ಬಳು, 1914ರಲ್ಲಿ ಒಬ್ಬಳು, ಹೀಗೆ ಅವನು ಮದುವೆಯಾದ ಮೂವರು ಸ್ನಾನದ ತೊಟ್ಟಿಯಲ್ಲಿ ‘ಆಕಸ್ಮಿಕ’ವಾಗಿ ಮುಳುಗಿ ಸತ್ತರು. ಒಂದೊಂದನ್ನೇ ನೋಡಿದ ಅಧಿಕಾರಿಗಳಿಗೆ ಏನೂ ಕಾಣಲಿಲ್ಲ. ಎರಡನೆಯವಳ ತಂದೆ ಮೂರನೆಯವಳ ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ. ಎರಡನೆಯವಳು ಸತ್ತ ಮನೆಯ ಮಾಲೀಕನೂ ಓದಿದ. ಇಬ್ಬರೂ ಬೇರೆ ಬೇರೆಯಾಗಿ ಪೊಲೀಸರಿಗೆ ತಿಳಿಸಿದರು. ಆಮೇಲೆ ಪೊಲೀಸರು ತೊಟ್ಟಿಗಳನ್ನು ಅಳೆದರು. ಈಜು ಬಲ್ಲ ಹೆಂಗಸೊಬ್ಬಳನ್ನು ನೀರಿನಲ್ಲಿ ಕೂರಿಸಿ ಹಠಾತ್ತನೆ ಕಾಲೆತ್ತಿದಾಗ ಅವಳು ಕೂಗಲೂ ಆಗದೆ ಪ್ರಜ್ಞೆ ತಪ್ಪಿದಳು. ಗಾಯವಿಲ್ಲದೆ ಮುಳುಗಿಸುವುದು ಹೇಗೆಂದು ಗೊತ್ತಾಯಿತು. 1915ರ ಆಗಸ್ಟಿನಲ್ಲಿ ಸ್ಮಿತ್‌ನಿಗೆ ಗಲ್ಲಾಯಿತು. ಆ ತಂದೆ ಕಟ್ಟೆಯ ಮೇಲೆ ಕೂತು ಹರಟಲಿಲ್ಲ. ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಕಳುಹಿಸಿದ.

ಈಗ ಹೇಳಲೋ ಬೇಡವೋ ಎಂದು ಮೂರು ವಾರ ತಡೆದ ಮಾತಿಗೆ ಬರುತ್ತೇನೆ. ನನ್ನೂರು ಸೇಡಂ ಕಡೆಯ ಒಂದು ಹಳ್ಳಿ. 1989ರ ಬೇಸಿಗೆ, ನಾನು ನಾಲ್ಕನೆಯ ಇಯತ್ತೆ ಮುಗಿಸಿದ್ದೆ. ನಮ್ಮ ಓಣಿಯ ಒಂದು ಮನೆಯ ಸೊಸೆ, ಮದುವೆಯಾಗಿ ಎರಡು ವರ್ಷವೂ ಆಗಿರದವಳು, ಹಿತ್ತಲ ಬಾವಿಯಲ್ಲಿ ತೇಲಿದಳು. ‘ನೀರು ಸೇದಲು ಹೋಗಿ ಕಾಲು ಜಾರಿ’ ಎಂದು ಬರೆಯಲಾಯಿತು. ಕೊಡ ಅಡಿಗೆಮನೆಯಲ್ಲಿಯೇ ಇತ್ತೆಂದು ಹುಡುಗರಾದ ನಮಗೂ ಗೊತ್ತಿತ್ತು. (ಇದನ್ನು ಬರೆಯುವಾಗ ನಾನೂ ಇರಾನಿ ಹೋಟೆಲಿನ ಪತ್ತೇದಾರನಾಗುತ್ತಿದ್ದೇನೆಯೇ ಎಂಬ ಅಳುಕು ಇದ್ದೇ ಇದೆ. ಕೊಡವನ್ನು ಯಾರಾದರೂ ಆಮೇಲೆ ತಂದಿಟ್ಟಿರಬಹುದು.) ಊರು ಎರಡು ದಿನದಲ್ಲಿ ಎರಡು ಪಾಲಾಯಿತು. ಅತ್ತೆ ದೂಡಿದಳು ಎಂದು ಅರ್ಧ ಊರು. ಹುಡುಗಿಯ ನಡತೆಯೇ ಸರಿಯಿರಲಿಲ್ಲ ಎಂದು ಇನ್ನರ್ಧ. ಬಾವಿಕಟ್ಟೆಯ ಕಲ್ಲು ಜಾರುತ್ತದೆಯೇ ಎಂದು ಮುಟ್ಟಿ ನೋಡಿದವರು ಯಾರೂ ಇರಲಿಲ್ಲ.

ಕಾನೂನು ಆಗಲೂ ಇತ್ತು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಸಂಶಯಕ್ಕೆ ಎಡೆಯಾಗುವಂತೆ ಸತ್ತರೆ ಶವಪರೀಕ್ಷೆಗೆ ಕಳುಹಿಸಬೇಕೆಂದು 1983ರ ತಿದ್ದುಪಡಿ ಹೇಳಿತ್ತು. ವರದಕ್ಷಿಣೆ ಸಾವಿನ 304ಬಿ ಕಲಮು 1986ರಲ್ಲಿ ಬಂದಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಮಾಗಿದೆ. ಸಂಖ್ಯೆ ಏನೇ ಆಗಲಿ, ಆ ಕಲಮು ನಿಲ್ಲಬೇಕಾದರೆ ಸಾವಿಗೆ ಸ್ವಲ್ಪ ಮುಂಚೆ ಅವಳಿಗೆ ಕಿರುಕುಳವಿತ್ತೆಂದು ಯಾರಾದರೂ ಬಂದು ಹೇಳಬೇಕು. ಅಂಥ ಮಾತು ಕೇಳಿದವಳು ಸಾಮಾನ್ಯವಾಗಿ ಒಬ್ಬ ಗೆಳತಿಯೇ.

ರಾಜ್ಯೋತ್ಸವದ ರಾತ್ರಿ ಮನೆಗೆ ಬಂದ ಮೇಲೆ, ನಮ್ಮೊಡನೆಯೇ ಇರುವ ನನ್ನ ಅವ್ವ ಊಟ ಮಾಡಲಿಲ್ಲ. ಹಾಡು ಸೇರಲಿಲ್ಲವೇ ಎಂದು ಕೇಳಿದೆ. ಬೀಸುಕಲ್ಲಿನ ಮುಂದೆ ಇದನ್ನು ಪೂರ್ತಿಯಾಗಿ ಹಾಡುತ್ತಿದ್ದವಳು ಅವಳು.

“ಅರ್ಧಕ್ಕ ಯಾಕ ಬಿಟ್ರು?” ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, “ಆ ಬಾವಿ ಹುಡುಗಿ ನೆನಪದನ ನಿನಗ? ಆಕಿ ಹಿಂದಿನ ದಿವಸ ನನ್ನ ಬಲ್ಲಿ ಬಂದಿದ್ಳು. ‘ಅಕ್ಕಾ, ಈ ಮನ್ಯಾಗ ನನಗ ಅಂಜಿಕಿ ಬರ್ತದ’ ಅಂದ್ಳು. ಹೊಂದ್ಕೊಂಡು ಹೋಗಬೇಕವ್ವಾ ಅಂತ ನಾನೇ ಬುದ್ಧಿ ಹೇಳಿ ಕಳಿಸ್ದೆ” ಎಂದಳು.

ಆ ಹುಡುಗಿಯ ಗಂಡ ಮುಂಬಯಿಯಲ್ಲಿ ಕೆಲಸಕ್ಕಿದ್ದ. ಮಣ್ಣಾದ ಮೇಲೆ ಬಂದ. ಮನೆಯವರು ಹೇಳಿದುದನ್ನು ಕೇಳಿ, ಸಂಜೆ ನಮ್ಮ ಬಾಗಿಲಿಗೂ ಬಂದು ನಿಂತನಂತೆ. ಅವನು ಏನೂ ಕೇಳಲಿಲ್ಲ. ಅವ್ವ ನೀರು ಕೊಟ್ಟಳು. ಕುಡಿದು ಚರಿಗೆಯನ್ನು ಕಟ್ಟೆಯ ಮೇಲಿಟ್ಟು ಹೋದ. “ಕೇಳಿದ್ರ ಹೇಳ್ತಿದ್ದೆನೋ ಏನೋ” ಎಂದಳು ಅವ್ವ. ಅಪ್ಪ ಇದ್ದಷ್ಟು ಕಾಲ ಈ ಮಾತನ್ನು ಅವಳು ಮನೆಯಲ್ಲಿ ಎತ್ತಿರಲಿಲ್ಲ. ಅವಳ ಅಪ್ಪಣೆ ಪಡೆದೇ ಇದನ್ನು ಇಲ್ಲಿ ಬರೆದಿದ್ದೇನೆ. ಅತ್ತೆಮಾವ ಇಬ್ಬರೂ ತೀರಿಹೋಗಿದ್ದಾರೆ, ಆ ಬಾವಿಯನ್ನೂ ಮುಚ್ಚಿದ್ದಾರೆ. ಅವರು ತಪ್ಪಿತಸ್ಥರೆಂದು ನಾನು ಹೇಳುತ್ತಿಲ್ಲ. ಕೇಳಬೇಕಾದವರು ಕೇಳಲಿಲ್ಲ, ಹೇಳಬೇಕಾದವರು ಹೇಳಲಿಲ್ಲ, ಸಂಬಂಧವಿಲ್ಲದವರು ಮಾತ್ರ ಎರಡು ವರ್ಷ ಹೇಳುತ್ತಲೇ ಇದ್ದರು ಎಂಬುದಷ್ಟೇ ನನಗೆ ಗೊತ್ತಿರುವುದು.

ಮಹಿಳಾ ಶಾಖೆಯ ಸೋದರಿಯರ ಶ್ರಮವನ್ನು ಹಗುರಾಗಿ ಕಾಣುವ ಉದ್ದೇಶ ನನ್ನದಲ್ಲ. ಯುಗಾದಿಗೆ ಇದೇ ರೂಪಕವನ್ನು ಮತ್ತೆ ಆಡುವ ಯೋಚನೆ ಇದೆಯೆಂದು ಕಾರ್ಯದರ್ಶಿಗಳು ಹೇಳಿದರು. ಅವ್ವ ಹೇಳಿದಂತೆ ಉತ್ತರಾರ್ಧವನ್ನು ಬರೆದುಕೊಂಡು ಒಂದು ಪ್ರತಿಯನ್ನು ಅವರಿಗೆ ತಲಪಿಸಿದ್ದೇನೆ. ಗಡಿಯಾರ ಇಟ್ಟು ನೋಡಿದೆ. ಹನ್ನೆರಡು ನಿಮಿಷ ಹೆಚ್ಚಾಗುತ್ತದೆ. ಸ್ವಾಗತ ಭಾಷಣದಲ್ಲಿ ಅಷ್ಟನ್ನು ಉಳಿಸಬಹುದು. ಗೆಳತಿಯ ಪಾತ್ರಕ್ಕೆ ಸ್ವಲ್ಪ ವಯಸ್ಸಾದವರನ್ನೇ ಆರಿಸಿದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ.