ಬಿಗಿತ ಮತ್ತು ಬೀಗ: ವಿಮಾನದ ಟರ್ನ್‌ಬಕಲ್ ಕುರಿತು ಒಂದು ವಿಮರ್ಶೆ

ವಿಮಾನ ನಿರ್ಮಾಣದ ಚರಿತ್ರೆಯನ್ನು ಬರೆದವರು ಎಂಜಿನ್ನಿಗೂ ರೆಕ್ಕೆಯ ಆಕಾರಕ್ಕೂ ಕೊಟ್ಟಷ್ಟು ಗಮನವನ್ನು ಅವೆರಡನ್ನೂ ಜೊತೆಯಾಗಿ ಹಿಡಿದಿಟ್ಟ ಸಣ್ಣ ಬಿಡಿಭಾಗಗಳಿಗೆ ಕೊಟ್ಟಿಲ್ಲ. ಅಂಥ ಬಿಡಿಭಾಗಗಳಲ್ಲಿ ಟರ್ನ್‌ಬಕಲ್ ಒಂದು. ಎಳೆದು ಕಟ್ಟಿದ ತಂತಿ, ಸರಳು ಅಥವಾ ಕೇಬಲ್ಲಿನ ಉದ್ದವನ್ನು ಅಲ್ಪಸ್ವಲ್ಪ ಹೆಚ್ಚುಕಡಿಮೆ ಮಾಡಿ ಅದಕ್ಕೆ ತಕ್ಕ ಬಿಗಿತ ಕೊಡುವುದು ಅದರ ಕೆಲಸವಾದರೆ, ಕೊಟ್ಟ ಬಿಗಿತ ಹಾರಾಟದ ಕಂಪನದಲ್ಲಿ ಕಳೆದುಹೋಗದಂತೆ ಕಾಯುವುದು ಅದಕ್ಕೆ ಹಾಕುವ ಬೀಗದ ಕೆಲಸ. ಈ ಎರಡು ಕೆಲಸಗಳು ಸ್ವಭಾವದಲ್ಲೇ ಒಂದಕ್ಕೊಂದು ಎದುರಾಗಿವೆ: ಮೊದಲನೆಯದಕ್ಕೆ ಸಲೀಸಾಗಿ ತಿರುಗುವ ಗುಣ ಬೇಕು, ಎರಡನೆಯದಕ್ಕೆ ತಿರುಗದೆ ನಿಲ್ಲುವ ಗುಣ ಬೇಕು. ಯಾವುದೇ ಟರ್ನ್‌ಬಕಲ್ಲಿನ ಬೆಲೆಯನ್ನು ಕಟ್ಟಬೇಕಾದದ್ದು ಈ ವಿರೋಧವನ್ನು ಅದು ಎಷ್ಟರ ಮಟ್ಟಿಗೆ ಬಗೆಹರಿಸಿದೆ ಎಂಬುದರ ಮೇಲೆ.

ತಂತಿಯಿಂದ ಬಿಗಿದ ವಿಮಾನದ ಕಲ್ಪನೆ ಸೇತುವೆಗಳಿಂದ ಬಂದದ್ದು. ರೈಲ್ವೆ ಸೇತುವೆಗಳ ಎಂಜಿನಿಯರಾಗಿದ್ದ ಆಕ್ಟೇವ್ ಶನೂಟ್ 1896ರಲ್ಲಿ ರೂಪಿಸಿದ ಎರಡು ರೆಕ್ಕೆಗಳ ಗ್ಲೈಡರಿನಲ್ಲಿ, ಪ್ರ್ಯಾಟ್ ಟ್ರಸ್ ಎಂದು ಹೆಸರಾದ ಸೇತುವೆಯ ಚೌಕಟ್ಟನ್ನೇ ಹಗುರಗೊಳಿಸಿ ಬಳಸಿದರು. ಅದರಲ್ಲಿ ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ನಡುವಿನ ನೆಟ್ಟಗಿನ ಕಂಬಗಳು ಒತ್ತುವ ಬಲವನ್ನೂ, ಕರ್ಣರೇಖೆಯಾಗಿ ಹಾಯ್ದ ತಂತಿಗಳು ಎಳೆಯುವ ಬಲವನ್ನೂ ಹೊರುತ್ತವೆ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನವೂ ಈ ಪರಂಪರೆಯದೇ. ಇಂಥ ರಚನೆಯಲ್ಲಿ ರೆಕ್ಕೆಯ ಆಕಾರ ಮರದಲ್ಲಿ ಅರ್ಧ, ತಂತಿಯ ಬಿಗಿತದಲ್ಲಿ ಅರ್ಧ ಇರುತ್ತದೆ. ಒಂದು ತಂತಿ ಸಡಿಲಾದರೆ ರೆಕ್ಕೆಯ ಕೋನ ಬದಲಾಗುತ್ತದೆ, ಮಿತಿಮೀರಿ ಬಿಗಿಯಾದರೆ ಮರದ ಅಡ್ಡಪಟ್ಟಿ ಬಾಗುತ್ತದೆ. ಆದ್ದರಿಂದಲೇ ತಂತಿಗಳನ್ನು ಹೊಂದಿಸುವ ರಿಗ್ಗರ್ ಎಂಬ ಪ್ರತ್ಯೇಕ ಕಸುಬುದಾರ ಆ ಕಾಲದ ವಾಯುದಳಗಳಲ್ಲಿ ಎಂಜಿನ್ ಮೆಕ್ಯಾನಿಕ್ಕಿನಷ್ಟೇ ಅಗತ್ಯದವನಾದ.

ಟರ್ನ್‌ಬಕಲ್ಲಿನ ರಚನೆ ಸರಳ. ನಡುವೆ ಒಂದು ಟೊಳ್ಳು ನಳಿಗೆ, ಅದಕ್ಕೆ ಬ್ಯಾರೆಲ್ ಎಂದು ಹೆಸರು. ಅದರ ಒಂದು ತುದಿಯ ಒಳಗೆ ಬಲಗೈ ಥ್ರೆಡ್, ಇನ್ನೊಂದು ತುದಿಯ ಒಳಗೆ ಎಡಗೈ ಥ್ರೆಡ್, ಅಂದರೆ ಎದುರು ದಿಕ್ಕಿಗೆ ಸುತ್ತುವ ತಿರುಪಿನ ಗೆರೆ ಇರುತ್ತದೆ. ಎರಡೂ ಕಡೆಯಿಂದ ಒಳಹೊಕ್ಕ ಟರ್ಮಿನಲ್‌ಗಳು, ಎಂದರೆ ತಂತಿಯ ಕೊನೆಗೆ ಜೋಡಿಸಿದ ಕವೆ ಅಥವಾ ಕಣ್ಣಿನಾಕಾರದ ಉಕ್ಕಿನ ತುಂಡುಗಳು, ಬ್ಯಾರೆಲನ್ನು ಒಂದು ದಿಕ್ಕಿಗೆ ತಿರುಗಿಸಿದಾಗ ಎರಡೂ ಒಳಗೆ ಸರಿಯುತ್ತವೆ, ಇನ್ನೊಂದು ದಿಕ್ಕಿಗೆ ತಿರುಗಿಸಿದಾಗ ಎರಡೂ ಹೊರಗೆ ಸರಿಯುತ್ತವೆ. ತಂತಿಯನ್ನು ತಿರುಚದೆಯೇ ಬಿಗಿಗೊಳಿಸಲು ಸಾಧ್ಯವಾಗುವುದು ಇದರಿಂದ. ಯಾವ ತುದಿ ಎಡಗೈಯದೆಂದು ತಿಳಿಯಲು ಬ್ಯಾರೆಲಿನ ಆ ಕೊನೆಯ ಸುತ್ತ ಒಂದು ತೋಡನ್ನು ಕೊರೆದಿರುತ್ತಾರೆ. ಹೊಂದಿಸಿ ಮುಗಿದ ಮೇಲೆ ಯಾವ ಕಡೆಯಲ್ಲೂ ಮೂರಕ್ಕಿಂತ ಹೆಚ್ಚು ಥ್ರೆಡ್ಡುಗಳು ಹೊರಗೆ ಕಾಣಬಾರದೆಂಬುದು ಕಸುಬಿನ ನಿಯಮ. ಏಕೆಂದರೆ ಹೊರಗೆ ಉಳಿದ ಪ್ರತಿ ಥ್ರೆಡ್ಡೂ ಒಳಗೆ ಭಾರ ಹೊರಬೇಕಾಗಿದ್ದ ಒಂದು ಥ್ರೆಡ್ಡೇ ಆಗಿದೆ. ಬ್ರಿಟಿಷ್ ಪದ್ಧತಿಯ ಕೆಲವು ಟರ್ನ್‌ಬಕಲ್ಲುಗಳಲ್ಲಿ ಬ್ಯಾರೆಲಿಗೆ ತಪಾಸಣೆಯ ರಂಧ್ರಗಳಿರುತ್ತವೆ. ಅವುಗಳ ಮೂಲಕ ತೆಳು ತಂತಿಯನ್ನು ತೂರಿಸಲು ಹೋದಾಗ ಅದು ಟರ್ಮಿನಲ್ಲಿಗೆ ತಾಗಿ ನಿಂತರೆ ಹಿಡಿತ ಸಾಕಷ್ಟಿದೆ ಎಂದೂ, ಅಡ್ಡಿಯಿಲ್ಲದೆ ಹಾಯ್ದರೆ ಸಾಲದೆಂದೂ ಅರ್ಥ.

ಈ ಸಾಧನದ ಸೂಕ್ಷ್ಮತೆಯನ್ನು ಅಂಕಿಗಳಲ್ಲಿ ನೋಡಿದರೆ ಬೀಗದ ಅಗತ್ಯ ತಾನಾಗಿ ತಿಳಿಯುತ್ತದೆ. ಅಂಗುಲಕ್ಕೆ 28 ಥ್ರೆಡ್ ಇರುವ ಟರ್ನ್‌ಬಕಲ್ಲಿನಲ್ಲಿ ಬ್ಯಾರೆಲ್ ಒಂದು ಸುತ್ತು ತಿರುಗಿದರೆ ಪ್ರತಿ ತುದಿ ಸುಮಾರು 0.9 ಮಿ.ಮೀ. ಸರಿಯುತ್ತದೆ, ಒಟ್ಟು ಅಂತರ 1.8 ಮಿ.ಮೀ. ಬದಲಾಗುತ್ತದೆ. ಎರಡು ಮೀಟರ್ ಉದ್ದದ ಉಕ್ಕಿನ ಸರಳಿನ ಎರಡೂ ಕೊನೆಗಳು ಅಲುಗದಂತಿದ್ದರೆ ಈ ಒಂದೇ ಸುತ್ತು ಅದರೊಳಗಿನ ಪ್ರತಿಬಲವನ್ನು, ಅಂದರೆ ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರ್ ಹೊರುವ ಬಲವನ್ನು, ಸುಮಾರು 180 ನ್ಯೂಟನ್ನಿನಷ್ಟು ಏರಿಸುತ್ತದೆ. ಸಾಧಾರಣ ಮೆದು ಉಕ್ಕು 250 ನ್ಯೂಟನ್ನಿನ ಆಸುಪಾಸಿನಲ್ಲಿ ಮರಳಿಬಾರದಂತೆ ಹಿಗ್ಗತೊಡಗುತ್ತದೆ ಎಂಬುದನ್ನು ನೆನೆದರೆ, ಕಾಲು ಸುತ್ತಿನ ಹೆಚ್ಚುಕಡಿಮೆಯೂ ಲೆಕ್ಕಕ್ಕೆ ಬರುವಂಥದ್ದೆಂದು ಒಪ್ಪಬೇಕಾಗುತ್ತದೆ.

ತಿರುಪು ತಾನಾಗಿ ಬಿಚ್ಚಿಕೊಳ್ಳದೆ ನಿಲ್ಲುವುದು ಘರ್ಷಣೆಯಿಂದ. ಥ್ರೆಡ್ಡಿನ ಇಳಿಜಾರು ಅಷ್ಟು ಕಡಿಮೆಯಿರುವುದರಿಂದ ನೇರ ಎಳೆತವೊಂದೇ ಅದನ್ನು ತಿರುಗಿಸಲಾರದು. ತಂಬೂರಿಯ ಬಿರಡೆ ತಂತಿಯನ್ನು ಹಿಡಿದಿರುವುದೂ ಬರಿಯ ಘರ್ಷಣೆಯಿಂದಲೇ, ಹವೆ ಬದಲಾದಂತೆ ಅದು ಜಾರುವುದೂ ಉಂಟು. ಆದರೆ ಗಾಯಕ ಒಂದು ಕೃತಿ ಮುಗಿಸಿ ಮತ್ತೊಂದಕ್ಕೆ ತೊಡಗುವ ಮೊದಲು ಶ್ರುತಿ ಸರಿಮಾಡಿಕೊಳ್ಳಬಲ್ಲ, ವಿಮಾನಕ್ಕೆ ಆ ಬಿಡುವಿಲ್ಲ. ಕಂಪನದಲ್ಲಿ ಥ್ರೆಡ್ಡಿನ ಮೇಲ್ಮೈಗಳು ಅಡ್ಡಲಾಗಿ ಕ್ಷಣಕ್ಷಣವೂ ಜಾರುತ್ತಿದ್ದರೆ ಘರ್ಷಣೆಯ ಹಿಡಿತ ಸುತ್ತುವ ದಿಕ್ಕಿನಲ್ಲಿಯೂ ಸಡಿಲಾಗುತ್ತದೆ ಎಂಬುದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಟರ್ನ್‌ಬಕಲ್ಲಿಗೆ ಇದಲ್ಲದೆ ಇನ್ನೊಂದು ತೊಂದರೆಯಿದೆ. ಹಲವು ಎಳೆಗಳನ್ನು ಹೊಸೆದು ಮಾಡಿದ ಕೇಬಲ್ ಎಳೆತಕ್ಕೆ ಸಿಕ್ಕಾಗ ತನ್ನ ಹೊಸೆತವನ್ನು ಬಿಚ್ಚಿಕೊಳ್ಳುವತ್ತ ತಿರುಗಲು ನೋಡುತ್ತದೆ, ಆ ತಿರುಚು ಟರ್ಮಿನಲ್ಲಿನ ಮೂಲಕ ಥ್ರೆಡ್ಡಿಗೆ ಬರುತ್ತದೆ. ಹಾಗಾಗಿ ಬ್ಯಾರೆಲನ್ನೊಂದೇ ಹಿಡಿದಿಟ್ಟರೆ ಸಾಲದು, ಬ್ಯಾರೆಲ್ ಮತ್ತು ಎರಡು ಟರ್ಮಿನಲ್‌ಗಳು ಈ ಮೂರನ್ನೂ ಒಂದಕ್ಕೊಂದು ಕಟ್ಟಿಹಾಕುವ ಬೀಗ ಬೇಕು.

ಬಿಗಿತದ ಜೋಡಣೆಯಲ್ಲಿ ಬೀಗ ಸೋತರೆ ಏನಾಗುತ್ತದೆ ಎಂಬುದಕ್ಕೆ 1912ರ ಸೆಪ್ಟೆಂಬರ್ 10ರ ಘಟನೆ ಸಾಕ್ಷಿ. ಆಕ್ಸ್‌ಫರ್ಡ್ ಬಳಿಯ ವೂಲ್ವರ್ಕೋಟಿನಲ್ಲಿ ಬ್ರಿಸ್ಟಲ್-ಕೊಆಂಡ ಏಕಪಕ್ಷ (ಒಂದೇ ಸಾಲು ರೆಕ್ಕೆಯ) ವಿಮಾನವೊಂದು ಬಿದ್ದು ರಾಯಲ್ ಫ್ಲೈಯಿಂಗ್ ಕೋರಿನ ಇಬ್ಬರು ಅಧಿಕಾರಿಗಳು ಸತ್ತರು. ತಂತಿಗಳನ್ನು ಬೇಗ ಕಳಚಲು ಅನುಕೂಲವಾಗಲೆಂದು ಇಟ್ಟಿದ್ದ ಕೊಕ್ಕೆಯೊಂದು ಹಾರಾಟದಲ್ಲೇ ತೆರೆದುಕೊಂಡು, ಬಿಡುಗಡೆಯಾದ ತಂತಿ ಬಡಿದು ರೆಕ್ಕೆಯ ಬಟ್ಟೆ ಹರಿದದ್ದು ಕಾರಣವೆಂದು ತನಿಖೆ ಕಂಡುಕೊಂಡಿತು. ಅದಕ್ಕೆ ನಾಲ್ಕು ದಿನ ಮೊದಲು ಇನ್ನೊಂದು ಏಕಪಕ್ಷ ವಿಮಾನವೂ ಬಿದ್ದಿದ್ದರಿಂದ ಬ್ರಿಟಿಷ್ ಸೇನೆ ಅಂಥ ವಿಮಾನಗಳ ಹಾರಾಟವನ್ನೇ ಆ ತಿಂಗಳು ನಿಲ್ಲಿಸಿತು. ಒಂದು ರೆಕ್ಕೆಯೋ ಎರಡು ರೆಕ್ಕೆಯೋ ಎಂಬ ಚರ್ಚೆಯಾಗಿ ಅದು ಚರಿತ್ರೆಯಲ್ಲಿ ಉಳಿದಿದೆಯಾದರೂ, ವೂಲ್ವರ್ಕೋಟಿನ ಮಟ್ಟಿಗೆ ಅದು ಬೀಗದ ಪ್ರಶ್ನೆಯೇ ಆಗಿತ್ತು. ಕಳಚುವ ಅನುಕೂಲವನ್ನು ಮುಂದಿಟ್ಟು, ಕಳಚದೆ ನಿಲ್ಲುವ ಗುಣವನ್ನು ಹಿಂದಕ್ಕೆ ಸರಿಸಿದ ವಿನ್ಯಾಸ ಅದು.

ಹೀಗಿರುವಾಗ ಒಳ್ಳೆಯ ಬೀಗವನ್ನು ಅಳೆಯಲು ಮೂರು ಮಾನದಂಡಗಳು ಸಾಕು. ಅದು ಘರ್ಷಣೆಯನ್ನು ನಂಬದೆ ಆಕಾರದಿಂದಲೇ ತಿರುಗುವಿಕೆಯನ್ನು ತಡೆಯಬೇಕು. ಬೇಕಾದ ಯಾವ ಬಿಗಿತದಲ್ಲಾದರೂ ನಿಲ್ಲಿಸಲು ಬಿಡಬೇಕು. ಹಾಕಿದವನಲ್ಲದ ಇನ್ನೊಬ್ಬನ ಕಣ್ಣಿಗೂ ತನ್ನ ಸ್ಥಿತಿಯನ್ನು ಮರೆಮಾಚದೆ ತೋರಬೇಕು.

ಮೊದಲ ಮಾನದಂಡದಲ್ಲೇ ಹಿಂದೆ ಬೀಳುವುದು ಲಾಕ್‌ನಟ್, ಅಂದರೆ ಥ್ರೆಡ್ಡಿನ ಮೇಲೆ ಬಂದು ಒತ್ತಿ ನಿಲ್ಲುವ ಎರಡನೆಯ ನಟ್ಟು. ಇದರ ಪ್ರಸಿದ್ಧ ಬಳಕೆ, ಗಾಳಿಯ ತಡೆ ಕಡಿಮೆಯಾಗಲೆಂದು ಬ್ರಿಟನ್ನಿನ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ ಮೊದಲ ಮಹಾಯುದ್ಧದ ಹೊತ್ತಿಗೆ ತಂದ ಚಪ್ಪಟೆ ತಂತಿಗಳಲ್ಲಿ ಕಾಣುತ್ತದೆ. ಅಲ್ಲಿ ಬ್ಯಾರೆಲೇ ಇಲ್ಲ. ತಂತಿಯ ಎರಡು ಕೊನೆಗಳಲ್ಲಿ ಎಡಗೈ ಬಲಗೈ ಥ್ರೆಡ್ಡುಗಳಿದ್ದು ಇಡೀ ತಂತಿಯೇ ಟರ್ನ್‌ಬಕಲ್ಲಾಗುತ್ತದೆ. ಬಿಡಿಭಾಗವೊಂದನ್ನು ಉಳಿಸಿದ ಈ ಜಾಣ್ಮೆ ಮೆಚ್ಚತಕ್ಕದ್ದು. ಆದರೆ ತಂತಿಯ ತೆಳು ಅಂಚು ಗಾಳಿಗೆ ನೇರವಾಗಿಯೇ ನಿಲ್ಲಬೇಕಾದ್ದರಿಂದ ಅದನ್ನು ಅರ್ಧ ಸುತ್ತಿನ ಮೆಟ್ಟಿಲುಗಳಲ್ಲಿ ಮಾತ್ರ ಹೊಂದಿಸಲು ಬರುತ್ತದೆ, ಅದನ್ನು ಕಾಯುವ ಲಾಕ್‌ನಟ್ಟಾದರೋ ಮತ್ತೆ ಘರ್ಷಣೆಯನ್ನೇ ನಂಬಿದೆ. ತಂತಿಗಳು ಒಂದನ್ನೊಂದು ಹಾಯುವಲ್ಲಿ ಕಂಪನ ತಗ್ಗಿಸಲು ಮರದ ಕೋಲನ್ನು ಕಟ್ಟುವ ರೂಢಿ ಬೆಳೆದದ್ದು, ಕಂಪನದ ಕಾಟ ಎಷ್ಟಿತ್ತೆಂಬುದಕ್ಕೆ ಸಾಕ್ಷಿ.

ಎರಡನೆಯ ಪದ್ಧತಿ ಲಾಕಿಂಗ್ ವೈರ್. ಬ್ಯಾರೆಲಿನ ನಡುವಿನ ರಂಧ್ರದಲ್ಲಿ ಮೆದುವಾದ ಸಣ್ಣ ತಂತಿಗಳೆರಡನ್ನು ಹಾಯಿಸಿ, ಎರಡೂ ಕಡೆಗೆ ಬಗ್ಗಿಸಿ, ಟರ್ಮಿನಲ್ಲಿನ ಕಣ್ಣಿನೊಳಗಿಂದ ತೆಗೆದು, ಹಿಂದಕ್ಕೆ ತಂದು ಅದರ ಕಾಂಡಕ್ಕೆ ಕನಿಷ್ಠ ನಾಲ್ಕು ಸುತ್ತು ಸುತ್ತುವುದು ಇದರ ಕ್ರಮ. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ನಿನ 43.13-1ಬಿ ಸಂಖ್ಯೆಯ ಸಲಹಾ ಸುತ್ತೋಲೆ ಒಂಟಿ ಸುತ್ತಿಗಿಂತ ಈ ಇಮ್ಮಡಿ ಸುತ್ತಿಗೇ ಆದ್ಯತೆ ಕೊಡುತ್ತದೆ. ಎಂಟನೇ ಒಂದು ಅಂಗುಲದ ಕೇಬಲ್ಲಿಗೆ ಅದು ಹೇಳುವ ತಾಮ್ರದ ಅಥವಾ ಹಿತ್ತಾಳೆಯ ತಂತಿ 0.040 ಅಂಗುಲದ್ದು, ಅಂದರೆ ಸುಮಾರು ಒಂದು ಮಿ.ಮೀ. ದಪ್ಪದ್ದು. ತಡೆಯುವುದು ಇಲ್ಲಿ ಘರ್ಷಣೆಯಲ್ಲ, ತಂತಿಯ ದಾರಿ. ಮೂರು ತುಂಡುಗಳೂ ಒಂದೇ ಕಟ್ಟಿಗೆ ಸೇರುತ್ತವೆ, ಬ್ಯಾರೆಲ್ ಯಾವ ಕೋನದಲ್ಲಿ ನಿಂತಿದ್ದರೂ ಕಟ್ಟಬಹುದು. ಮೊದಲ ಎರಡು ಮಾನದಂಡಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಮೂರನೆಯದರಲ್ಲಿ ಮಾತ್ರ ತೀರ್ಪು ಇಬ್ಬಗೆಯದು. ಕಟ್ಟಿದೆಯೋ ಇಲ್ಲವೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದಾದರೂ, ಚೆನ್ನಾಗಿ ಕಟ್ಟಿದೆಯೋ ಎಂಬುದು ಕೈಪಳಗಿದವನಿಗಷ್ಟೇ ತಿಳಿಯುತ್ತದೆ. ಇಕ್ಕಳದಲ್ಲಿ ಅತಿಯಾಗಿ ಹಿಂಡಿದ ತಂತಿಯ ಮೇಲಿನ ಗೀರು, ಸಡಿಲ ಸುತ್ತು, ಮೂರೇ ಸುತ್ತಿಗೆ ಮುಗಿಸಿದ ಕೆಲಸ ಇವು ಇಕ್ಕಟ್ಟಿನ ಜಾಗದಲ್ಲಿ, ಟಾರ್ಚಿನ ಬೆಳಕಿನಲ್ಲಿ ಕಣ್ತಪ್ಪುವುದು ಸುಲಭ.

ಮೂರನೆಯದು ಕ್ಲಿಪ್ ಬೀಗ. ಬ್ಯಾರೆಲಿನ ಒಳಗೋಡೆಯಲ್ಲೂ ಟರ್ಮಿನಲ್ಲಿನ ಥ್ರೆಡ್ಡಿನ ಮೇಲೂ ಉದ್ದಕ್ಕೆ ಒಂದೊಂದು ತೋಡು ಇರುತ್ತದೆ. ಎರಡೂ ಒಂದೇ ಸಾಲಿಗೆ ಬಂದಾಗ ಉಂಟಾಗುವ ಕಿರುಗಾಲುವೆಯೊಳಗೆ ಕ್ಲಿಪ್ಪಿನ ನೇರ ಕಾಲನ್ನು ತೂರಿ, ಅದರ ಕೊಕ್ಕೆಯನ್ನು ಬ್ಯಾರೆಲಿನ ನಡುವಿನ ರಂಧ್ರಕ್ಕೆ ಸಿಕ್ಕಿಸಿದರೆ ಆ ತುದಿ ಬೀಗಗೊಂಡಂತೆ. ಇನ್ನೊಂದು ತುದಿಗೆ ಇನ್ನೊಂದು ಕ್ಲಿಪ್ಪು. ಆಕಾರದ ತಡೆ ಇಲ್ಲಿಯೂ ಇದೆ, ಕೆಲಸ ನಿಮಿಷದ್ದು. ಇದರ ದೊಡ್ಡ ಗುಣವೆಂದರೆ ಅರೆಬರೆ ಕೆಲಸಕ್ಕೆ ಇದು ಎಡೆಕೊಡುವುದು ಕಡಿಮೆ. ಕೊಕ್ಕೆ ಕೂತಿದೆಯೋ ಇಲ್ಲವೋ ಎಂಬುದನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಪರೀಕ್ಷಿಸಬಹುದು, ಅದಕ್ಕೆ ವರ್ಷಗಳ ಪಳಗಿಕೆ ಬೇಡ. ಕೊರತೆಯೆಂದರೆ ತೋಡುಗಳು ಸಾಲುಗೂಡುವ ಸ್ಥಾನಗಳಲ್ಲಿ ಮಾತ್ರ ಬೀಗ ಬೀಳುವುದರಿಂದ ಬಿಗಿತವೂ ಮೆಟ್ಟಿಲುಗಳಲ್ಲೇ ಸಿಗುತ್ತದೆ. ಚಪ್ಪಟೆ ತಂತಿಯ ಕಾಲದಲ್ಲಿ ಕಂಡ ಇತಿಮಿತಿ ಇಲ್ಲಿ ಬೇರೆ ವೇಷದಲ್ಲಿ ಮರಳಿದೆ. ಒಮ್ಮೆ ತೆಗೆದ ಕ್ಲಿಪ್ಪನ್ನು ಮತ್ತೆ ಹಾಕಬಾರದು ಎಂಬ ನಿಯಮವನ್ನು ಪಾಲಿಸುವುದೂ ಬಿಡುವುದೂ ಕೆಲಸಗಾರನ ಪ್ರಾಮಾಣಿಕತೆಗೆ ಬಿಟ್ಟದ್ದು, ಏಕೆಂದರೆ ಹಳೆಯ ಕ್ಲಿಪ್ಪೂ ಹೊಸದರಂತೆಯೇ ಕಾಣುತ್ತದೆ.

ಮೆಟ್ಟಿಲುಗಳ ಇತಿಮಿತಿ ಸರಳುಗಳಲ್ಲಿ ಕಾಡುವಷ್ಟು ಚಾಲನಾ ಕೇಬಲ್ಲುಗಳಲ್ಲಿ, ಅಂದರೆ ಪೈಲಟ್ ವಿಮಾನವನ್ನು ನಿಯಂತ್ರಿಸುವ ಕೇಬಲ್ಲುಗಳಲ್ಲಿ, ಕಾಡದು, ಏಕೆಂದರೆ ಅಲ್ಲಿ ಬಿಗಿತವೇ ಒಂದು ಅಂಕಿಯಲ್ಲಿ ನಿಲ್ಲುವಂಥದ್ದಲ್ಲ. ಅಲ್ಯೂಮಿನಿಯಂ ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗಿಕುಗ್ಗಿದರೆ ಉಕ್ಕು ಸುಮಾರು 12 ಪಾಲು ಮಾತ್ರ. ಹತ್ತು ಮೀಟರ್ ಉದ್ದದ ಅಲ್ಯೂಮಿನಿಯಂ ಒಡಲಿನಲ್ಲಿ ಉಕ್ಕಿನ ಕೇಬಲ್ ಹಾದಿದ್ದು ಉಷ್ಣತೆ 50 ಡಿಗ್ರಿ ಇಳಿದರೆ, ಒಡಲು ಕೇಬಲ್ಲಿಗಿಂತ ಸುಮಾರು 5.5 ಮಿ.ಮೀ. ಹೆಚ್ಚು ಕುಗ್ಗುತ್ತದೆ, ಅಂದರೆ ಮೇಲೆ ಹೇಳಿದ ಟರ್ನ್‌ಬಕಲ್ಲಿನ ಮೂರು ಸುತ್ತಿನಷ್ಟು ಸಡಿಲು. ಆದ್ದರಿಂದಲೇ ಕೇಬಲ್ಲುಗಳನ್ನು ಬಿಗಿತಮಾಪಕ ಹಿಡಿದು, ಆ ಹೊತ್ತಿನ ಉಷ್ಣತೆಗೆ ತಕ್ಕ ಕೋಷ್ಟಕ ನೋಡಿ ಹೊಂದಿಸುತ್ತಾರೆ. ಬೀಗ ಕಾಯುವುದು ಆ ಒಂದು ಹೊತ್ತಿನ ಉದ್ದವನ್ನು, ಬಿಗಿತವನ್ನಲ್ಲ.

ಈ ವ್ಯತ್ಯಾಸ ಎಷ್ಟು ಗಂಭೀರವೆಂಬುದನ್ನು 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್ ನಗರದಲ್ಲಿ ಬಿದ್ದ ಏರ್ ಮಿಡ್‌ವೆಸ್ಟ್ 5481 ಯಾನ ತೋರಿಸಿಕೊಟ್ಟಿತು. ಎರಡು ರಾತ್ರಿಗಳ ಹಿಂದೆ ಆ ಬೀಚ್ 1900ಡಿ ವಿಮಾನದ ಎಲಿವೇಟರಿನ, ಅಂದರೆ ಮೂತಿಯನ್ನು ಏರಿಸಿ ಇಳಿಸುವ ಬಾಲದ ಫಲಕದ, ಕೇಬಲ್ಲುಗಳ ಬಿಗಿತವನ್ನು ಹೊಂದಿಸುವಾಗ ನಿಗದಿತ ಹಂತಗಳಲ್ಲಿ ಹಲವನ್ನು ಬಿಟ್ಟುಬಿಡಲಾಗಿತ್ತು. ಟರ್ನ್‌ಬಕಲ್ಲುಗಳನ್ನು ತಪ್ಪಾಗಿ ಹೊಂದಿಸಿದ್ದರಿಂದ, ಮೂತಿಯನ್ನು ಕೆಳಗಿಳಿಸಲು ಎಲಿವೇಟರ್ ಚಲಿಸಬೇಕಾದ ದೂರದಲ್ಲಿ ಸುಮಾರು ಅರ್ಧ ಮಾತ್ರ ಉಳಿದಿತ್ತು. ವಿಮಾನದ ಭಾರ ಮಿತಿಗಿಂತ ಹಿಂದಕ್ಕೆ ವಾಲಿದ್ದ ಆ ದಿನ ಅದು ನೆಲ ಬಿಟ್ಟೊಡನೆ ಮೂತಿ ಮೇಲೆತ್ತಿ ಹತೋಟಿ ತಪ್ಪಿತು, ಒಳಗಿದ್ದ 21 ಮಂದಿಯೂ ಸತ್ತರು. ಮೆಕ್ಯಾನಿಕ್ಕಿಗೆ ಆ ಕೆಲಸ ಕಲಿಸಿದವರೇ ಅದರ ತಪಾಸಣೆಯನ್ನೂ ಮಾಡಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು. ಬೀಗ ಬಿಚ್ಚಿಕೊಂಡು ಆದ ಅಪಘಾತ ಇದಲ್ಲ. ವೂಲ್ವರ್ಕೋಟಿನಲ್ಲಿ ಇಲ್ಲದ್ದು ಗಟ್ಟಿ ಬೀಗ, ಷಾರ್ಲಟಿನಲ್ಲಿ ಇಲ್ಲದ್ದು ಬೀಗ ಹಾಕುವ ಮುನ್ನ ನಡೆಯಬೇಕಿದ್ದ ಅಳತೆ ಮತ್ತು ಎರಡನೆಯ ಕಣ್ಣು.

ಒಟ್ಟಾರೆ ತೂಗಿ ನೋಡಿದರೆ, ಎಳೆತವನ್ನು ಹೊಂದಿಸುವ ಉಪಕರಣವಾಗಿ ಟರ್ನ್‌ಬಕಲ್ ಹೆಚ್ಚು ತಿದ್ದುಪಡಿ ಬೇಡದಷ್ಟು ಪಕ್ವವಾದ ರಚನೆ. ಬೀಗಗಳಲ್ಲಿ, ಸೂಕ್ಷ್ಮ ಹೊಂದಾಣಿಕೆ ಬೇಕಾದ ಸರಳು ಮತ್ತು ರೆಕ್ಕೆಯ ತಂತಿಗಳಿಗೆ ಕೈಯಿಂದ ಸುತ್ತಿದ ಲಾಕಿಂಗ್ ವೈರೇ ಮೇಲು. ಮತ್ತೆ ಮತ್ತೆ ತೆರೆದು ಹೊಂದಿಸಬೇಕಾದ, ಬೆಳಕು ಕಡಿಮೆಯಿರುವ ಕಡೆ ಹಾಯುವ ಚಾಲನಾ ಕೇಬಲ್ಲುಗಳಿಗೆ ಕ್ಲಿಪ್ಪೇ ತಕ್ಕದ್ದು. ಲಾಕ್‌ನಟ್ಟನ್ನು ನಂಬುವಲ್ಲಿ ಕಂಪನವನ್ನೂ ತಗ್ಗಿಸಲೇಬೇಕು. ಆದರೆ ಇವುಗಳಲ್ಲಿ ಯಾವುದೂ ಬಿಗಿತ ಸರಿಯೋ ತಪ್ಪೋ ಎಂದು ಹೇಳಲಾರದು. ಸರಿಯಾದ ಹೊಂದಾಣಿಕೆಯನ್ನು ಎಷ್ಟು ನಿಷ್ಠೆಯಿಂದ ಕಾಯುತ್ತದೋ ತಪ್ಪಾದುದನ್ನೂ ಬೀಗ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಆದ್ದರಿಂದ ಟರ್ನ್‌ಬಕಲ್ಲಿಗೆ ಬೀಗ ಬೀಳಬೇಕಾದದ್ದು ಬಿಗಿತ ಅಳೆದಾದ ಮೇಲೆ, ಎಲಿವೇಟರನ್ನು ಎರಡೂ ಕೊನೆಗಳವರೆಗೆ ಆಡಿಸಿ ನೋಡಿದ ಮೇಲೆ, ಆ ಕೆಲಸದಲ್ಲಿ ಕೈಯಿಡದ ಇನ್ನೊಬ್ಬರು ಅದನ್ನು ಒಪ್ಪಿದ ಮೇಲೆ.